ಹಲಗೆಯ ಇನ್ನೊಂದು ತುದಿ

ಬೆಳಿಗ್ಗೆ ಎದ್ದರೆ ಮೊದಲ ಕೆಲಸ ಹಾಸಿಗೆ. ಚಾದರದ ನಾಲ್ಕು ಮೂಲೆಗಳನ್ನೂ ಮಡಚಿ ಬಿಗಿಯಾಗಿ ಸಿಕ್ಕಿಸಬೇಕು. ನರ್ಸಿಂಗ್ ಶಾಲೆಯಲ್ಲಿ ನಮಗೆ ಕಲಿಸಿದ ಮದರ್ ಒಂದು ಸುಕ್ಕು ಕಂಡರೂ ಪೂರ್ತಿ ಎಳೆದು ಹಾಕಿ ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದರು. ಎರಡನೆಯ ಕೆಲಸ ನೀರು. ಬಾವಿಯ ಪಂಪಿನ ನಳ್ಳಿಯಿಂದ ಒಂದು ಗಾಜಿನ ಲೋಟ ತುಂಬಿ ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ವಾರ್ಡಿನಲ್ಲಿ ಡ್ರಿಪ್ಪಿನ ಬಾಟಲಿಯನ್ನು ಹೀಗೆ ಬೆಳಕಿಗೆ ಹಿಡಿಯದೆ ಯಾರಿಗೂ ಹಾಕುವಂತಿರಲಿಲ್ಲ. ಆ ಅಭ್ಯಾಸ ಕೈಯಲ್ಲಿ ಉಳಿಯಿತು. ನೋಡಿ, ಕುಡಿದು, ಲೋಟ ತೊಳೆದು ಕವುಚಿ ಇಡುವುದು. ಆಮೇಲೆ ಗಂಜಿಗೆ ಅಕ್ಕಿ.

ನನ್ನ ಮನೆ ಇರುವುದು ಮಣಿಪಾಲದ ಗುಡ್ಡದ ಹಿಂಬದಿಯಲ್ಲಿ, ಹಿರಿಯಡ್ಕದ ರಸ್ತೆಯಿಂದ ಕೆಳಗಿಳಿದರೆ ಸಿಗುವ ಗದ್ದೆಬೈಲಿನಲ್ಲಿ. ಹುಟ್ಟಿದ್ದು ಕುಕ್ಕುಂದೂರಿನಲ್ಲಿ; ಕೆಲಸದ ಕಾಲವೆಲ್ಲ ಆಸ್ಪತ್ರೆಯಲ್ಲಿ ಕಳೆಯಿತು. ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕಥೆ ಏನೂ ಇಲ್ಲ. ನಿವೃತ್ತಿಗೆ ಬಹಳ ಮೊದಲೇ ಈ ಜಾಗ ಕೊಂಡೆ, ಬಾವಿಯನ್ನು ನೋಡಿ ಕೊಂಡೆ. ಮುರಕಲ್ಲಿನಲ್ಲಿ ಕಡಿದ ಬಾವಿ, ತೋಡಿನ ದಂಡೆಗೆ ತಾಗಿಕೊಂಡೇ ಇದೆ. ತೋಡು ಗುಡ್ಡದಿಂದ ಇಳಿದು ಬೈಲನ್ನು ಹಾದು ಮುಂದೆ ಎಲ್ಲೋ ಸ್ವರ್ಣಾ ಹೊಳೆಯನ್ನು ಸೇರುತ್ತದೆ. ತೋಡಿನಲ್ಲಿ ನೀರು ನಿಂತರೆ ಬಾವಿಯಲ್ಲಿಯೂ ನಿಲ್ಲುತ್ತದೆ. ತೋಡು ಬತ್ತಿದರೆ ಏಪ್ರಿಲಿನಲ್ಲಿ ಬಾವಿಯ ತಳ ಕಾಣುತ್ತದೆ.

ನೀರು ನಿಲ್ಲಿಸಲು ಒಂದು ಕಿಂಡಿ ಅಣೆಕಟ್ಟು ಇದೆ. ಅಣೆಕಟ್ಟು ಎಂದರೆ ದೊಡ್ಡದೇನಲ್ಲ. ತೋಡಿಗೆ ಅಡ್ಡವಾಗಿ ನಾಲ್ಕು ಕಲ್ಲಿನ ಕಂಬಗಳು, ನಡುವೆ ಮೂರು ಕಿಂಡಿಗಳು, ಮೇಲೆ ಒಬ್ಬರು ನಡೆಯುವಷ್ಟು ಅಗಲದ ಕಾಲುಸಂಕ. ಕಂಬಗಳ ಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಸೀಳು ಕೊರೆದಿದ್ದಾರೆ. ಮಳೆ ನಿಂತು ತೋಡು ಸಣ್ಣದಾದ ಮೇಲೆ ಆ ಸೀಳುಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಸಬೇಕು, ಎರಡು ಸಾಲು. ಸಾಲುಗಳ ನಡುವೆ ಗದ್ದೆಯ ಜೇಡಿಮಣ್ಣು ತುಂಬಿ ತುಳಿಯಬೇಕು. ಬೇಸಿಗೆ ಮುಗಿದು ಮಳೆ ಬರುವ ಮೊದಲು ಎಲ್ಲವನ್ನೂ ತೆಗೆದುಬಿಡಬೇಕು. ತೆಗೆಯದಿದ್ದರೆ ಮಳೆಗಾಲದ ನೀರು ಹಲಗೆಗೆ ಹೊಡೆದು, ದಾರಿ ಸಿಗದೆ, ಬದಿಯ ದಂಡೆಯನ್ನು ಕೊರೆಯುತ್ತದೆ. ಆ ದಂಡೆಯಲ್ಲಿ ನನ್ನ ಬಾವಿ ಇದೆ.

ಹಲಗೆ ಇಳಿಸುವುದು ಒಬ್ಬರ ಕೆಲಸವಲ್ಲ. ಭಾರದ ಪ್ರಶ್ನೆಯೂ ಅಲ್ಲ. ಎರಡು ತುದಿಗಳೂ ಒಂದೇ ಮಟ್ಟದಲ್ಲಿ ಇಳಿಯಬೇಕು. ಒಂದು ತುದಿ ಬೆರಳಿನಷ್ಟು ಮುಂದೆ ಹೋದರೂ ಹಲಗೆ ಸೀಳಿನಲ್ಲಿ ಕಚ್ಚಿಕೊಳ್ಳುತ್ತದೆ. ಹಿಂದೆ ಬೈಲಿನ ಎಲ್ಲ ಮನೆಯವರೂ ಸೇರುತ್ತಿದ್ದರು. ಒಂದೊಂದೇ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದ ಹಾಗೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಕಡೆಗೆ ಉಳಿದವರು ನಾವಿಬ್ಬರು, ನಾನು ಮತ್ತು ತೋಡಿನ ಆಚೆ ದಂಡೆಯ ಕಾಕ.

ಕಾಕ ಎಂದರೆ ಬ್ಯಾರಿ ಭಾಷೆಯಲ್ಲಿ ಚಿಕ್ಕಪ್ಪ. ನನಗಿಂತ ಕೆಲವೇ ವರ್ಷ ದೊಡ್ಡವರಾದರೂ ಊರಿಗೆಲ್ಲ ಅವರು ಕಾಕ, ಆದ್ದರಿಂದ ನನಗೂ ಕಾಕ. ಹಿರಿಯಡ್ಕದಲ್ಲಿ ಮರದ ಅಂಗಡಿ ಇತ್ತು. ಹೆಬ್ಬಲಸಿನ ಹಲಗೆಗಳನ್ನು ಕೊಟ್ಟವರು ಅವರೇ. ಅವರ ಮನೆ, ತೆಂಗಿನ ತೋಟ, ಅದರ ಮೇಲಿನ ಗುಡ್ಡದ ಇಳಿಜಾರು, ಎಲ್ಲ ಆಚೆ ಬದಿಯಲ್ಲಿ. ಮನೆಯಲ್ಲಿ ಅವರು ಬ್ಯಾರಿ, ನಾನು ಕೊಂಕಣಿ. ತೋಡಿನ ಮೇಲೆ ಇಬ್ಬರದೂ ತುಳು. ಆ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸಿಸ್ಟರೇ, ನಿಮ್ಮ ತುದಿ ಮೇಲೆ ಉಂಟು."

"ನನ್ನದು ಸರಿಯಾಗಿಯೇ ಉಂಟು. ನಿಮ್ಮದು ಕೆಳಗೆ."

"ನಲ್ವತ್ತು ವರ್ಷ ಮರದ ವ್ಯಾಪಾರ ಮಾಡಿದವನಿಗೆ ಮಟ್ಟ ಹೇಳಿಕೊಡ್ತೀರಾ?"

"ನಲ್ವತ್ತು ವರ್ಷ ವಕ್ರ ಹಲಗೆ ಮಾರಿದ್ದೀರಿ ಅಂತ ಈಗ ಗೊತ್ತಾಯ್ತು."

ಅವರು "ಹಾಂ" ಎನ್ನುತ್ತಿದ್ದರು. ಆಗ ಇಬ್ಬರೂ ಒಟ್ಟಿಗೆ ಬಿಡಬೇಕು. ಹಲಗೆ ಸರಕ್ಕನೆ ಇಳಿದು ಕೆಳಗಿನದರ ಮೇಲೆ ಕೂರುತ್ತಿತ್ತು. ಕೆಲಸ ಮುಗಿದ ಮೇಲೆ ಅವರ ಹೆಂಡತಿ ಕಳಿಸಿದ ಚಹಾವನ್ನು ಕಾಲುಸಂಕದ ಎರಡು ತುದಿಗಳಲ್ಲಿ ಕುಳಿತು ಕುಡಿಯುತ್ತಿದ್ದೆವು. ಹೆಂಡತಿ ತೀರಿಕೊಂಡ ಮೇಲೆ ಫ್ಲಾಸ್ಕಿನಲ್ಲಿ ನಾನು ಒಯ್ಯುತ್ತಿದ್ದೆ. ಸಕ್ಕರೆ ಕಡಿಮೆ ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಅವರ ಸಕ್ಕರೆ ಕಾಯಿಲೆ ನನಗೆ ಗೊತ್ತಿತ್ತು.

ಕಳೆದ ಬಾರಿ ಕೊನೆಯ ಹಲಗೆ ಇಳಿಸಿ ಚಹಾ ಕುಡಿಯುವಾಗ ಅವರು ಹೇಳಿದರು:

"ತೆಗೆಯುವಾಗ ನಾನು ಇರುವುದಿಲ್ಲ ಸಿಸ್ಟರೇ. ಜಾಗ ಮಾರಿ ಕೊಟ್ಟೆ. ಕಟಪಾಡಿಯಲ್ಲಿ ಮಗಳ ಮನೆಯ ಮೇಲಿನ ಮಾಳಿಗೆ. ಮೊಣಕಾಲು ಆಗುವುದಿಲ್ಲ ಇನ್ನು."

"ಮೊಣಕಾಲಿಗೆ ಮಾಳಿಗೆಯಾ?"

"ಲಿಫ್ಟು ಉಂಟು ಮಾರಾಯ್ರೆ."

ಅವರು ಹೋದದ್ದು ಒಂದು ಸಾಧಾರಣ ಬೆಳಿಗ್ಗೆ. ಟೆಂಪೋದಲ್ಲಿ ಸಾಮಾನು ಹಾಕುವಾಗ ನಾನು ಪಾತ್ರೆಗಳನ್ನು ಕಾಗದದಲ್ಲಿ ಸುತ್ತಿಕೊಟ್ಟೆ. ಆ ದಿನದಿಂದ ಆಚೆ ದಂಡೆಯಲ್ಲಿ ಬೆಳಗಿನ ಬಾಂಗಿನ ಹೊತ್ತಿಗೆ ಕಾಕ ಕೆಮ್ಮುವ ಸದ್ದು ಇಲ್ಲ. ಅಷ್ಟು ಕಾಲ ಅದು ಕೇಳುತ್ತಿತ್ತು ಎಂಬುದೇ ನಿಂತ ಮೇಲೆ ಗೊತ್ತಾಯಿತು. ನನ್ನ ಬೆಳಗಿನ ವೇಳಾಪಟ್ಟಿಯಲ್ಲಿ ಬದಲಾವಣೆ ಏನೂ ಆಗಲಿಲ್ಲ. ಹಾಸಿಗೆ, ನೀರು, ಗಂಜಿ. ಆದರೆ ದಿನ ಉದ್ದವಾಯಿತು.

ಮರದ ಎಲೆ ಉದುರುವ ಕಾಲಕ್ಕೆ ಕಾಕನ ಇಳಿಜಾರಿಗೆ ಮಣ್ಣು ಕಡಿಯುವ ಹಿಟಾಚಿ ಬಂತು. ತೆಂಗು, ಗೇರು, ಮುಳ್ಳುಪೊದೆ, ಎಲ್ಲವನ್ನೂ ಕಿತ್ತು ಗುಡ್ಡವನ್ನು ಮೆಟ್ಟಿಲಿನಂತೆ ಕಡಿದರು. ಮನೆ ಕಟ್ಟುವ ಸೈಟುಗಳು. ಬೋರ್ಡಿನಲ್ಲಿ ಹಸಿರು ಹುಲ್ಲು, ಸೈಕಲ್ ಬಿಡುವ ಮಕ್ಕಳ ಚಿತ್ರ. ಬೋರ್ಡಿನ ಹಿಂದೆ ಗಾಯದ ಹಾಗೆ ಕೆಂಪು ನೆಲ. ಅದರ ಬಗ್ಗೆ ನನಗೆ ಜಗಳವಿರಲಿಲ್ಲ. ಜನರಿಗೆ ಮನೆ ಬೇಕು, ನಾನೂ ಒಮ್ಮೆ ಇಲ್ಲಿ ಹೊಸಬಳೇ ಆಗಿದ್ದೆ. ಕಿಟಕಿಯ ಮೇಲಿನ ಕೆಂಪು ಧೂಳನ್ನು ದಿನವೂ ಒರೆಸಿದೆ, ಅಷ್ಟೆ.

ಮೇ ತಿಂಗಳ ಮೊದಲಿಗೆ ಒಂದು ಸಂಜೆ ಗುಡುಗಿ ಮಳೆ ಬಂತು. ಬೇಸಿಗೆಯ ಮಳೆ, ಹೆಚ್ಚು ಹೊತ್ತು ಇರಲಿಲ್ಲ. ನಿಂತ ಮೇಲೆ ಕೊಡೆ ಹಿಡಿದು ತೋಡಿನ ಬಳಿ ಹೋದೆ. ಹಲಗೆಯ ಹಿಂದೆ ನಿಂತಿದ್ದ ತಿಳಿನೀರು ಇಟ್ಟಿಗೆ ಕಲಸಿದ ಬಣ್ಣಕ್ಕೆ ತಿರುಗಿತ್ತು. ಕಡಿದ ಗುಡ್ಡದಿಂದ ಹೊಸದಾಗಿ ಮೂರು ನಾಲ್ಕು ಕೊರಕಲುಗಳು ನೇರ ತೋಡಿಗೆ ಇಳಿದಿದ್ದವು. ಉದ್ದನೆಯ ಬಿದಿರು ಕೋಲನ್ನು ನೀರಿಗೆ ಇಳಿಸಿದೆ. ಹಿಂದೆ ಎದೆಯವರೆಗೆ ಹೋಗುತ್ತಿದ್ದದ್ದು ಈಗ ಮೊಣಕಾಲಿನಲ್ಲಿ ನಿಂತಿತು. ಉಳಿದದ್ದು ಹೂಳು.

ಮರುದಿನ ಬೆಳಿಗ್ಗೆ ಲೋಟವನ್ನು ಕಿಟಕಿಗೆ ಹಿಡಿದೆ. ತಳದಲ್ಲಿ ಕುಂಕುಮದಷ್ಟು ಕೆಂಪು ಇಳಿದು ಒಂದು ಉಂಗುರವಾಯಿತು. ಆ ನೀರನ್ನು ಕುಡಿಯಲಿಲ್ಲ.

ಸೀರೆಯನ್ನು ಎತ್ತಿ ಕಟ್ಟಿಕೊಂಡು ಮೇಲೆ ಸೈಟಿಗೆ ನಡೆದೆ. ತಗಡಿನ ಶೆಡ್ಡಿನಲ್ಲಿ ಸೂಪರ್‌ವೈಸರ್ ಇದ್ದರು, ಕಾರ್ಕಳದ ಕಡೆಯವರು, ನಲ್ವತ್ತು ದಾಟಿದ ಮನುಷ್ಯ. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿ ಕರೆಯುವ ಹಾಗೆ ಬಾಯಮ್ಮ ಎಂದು ಕರೆದು ಮರ್ಯಾದೆಯಿಂದ ಕುರ್ಚಿ ಕೊಟ್ಟರು, ಚಹಾ ತರಿಸಿದರು.

"ಮಣ್ಣು ಕೆಳಗೆ ಬರ್ತಾ ಉಂಟು," ಎಂದೆ.

"ಗೊತ್ತುಂಟು ಬಾಯಮ್ಮ. ಈ ಸಲ ಮಳೆ ಮೊದಲೇ ಬಂತು. ಚರಂಡಿ, ಹೊಂಡ ಎಲ್ಲ ಪ್ಲಾನಿನಲ್ಲಿ ಉಂಟು. ರಸ್ತೆ ಆಗ್ಲಿ, ಮತ್ತೆ ಮಾಡ್ತೇವೆ."

"ರಸ್ತೆ ಯಾವಾಗ?"

"ಮಳೆಗಾಲ ಮುಗಿದ ಮೇಲೆ."

"ಅಷ್ಟರಲ್ಲಿ ಬರುವ ಮಣ್ಣು ಎಂತ ಮಾಡ್ತದೆ? ನಿಮ್ಮ ಪ್ಲಾನ್ ಓದ್ತಾ ಕೂರ್ತದಾ?"

ಅವರು ನಕ್ಕರು. ಕೆಟ್ಟ ನಗು ಅಲ್ಲ. ಆಮೇಲೆ ಹೇಳಿದ ಮಾತು ನನ್ನನ್ನು ನಿಜವಾಗಿ ಹೆದರಿಸಿತು.

"ಕೆಳಗೆ ನಿಮ್ಮ ಹಲಗೆ ಉಂಟಲ್ವಾ? ಒಳ್ಳೆಯದೇ ಆಯ್ತು. ಮಣ್ಣೆಲ್ಲ ಅಲ್ಲಿಯೇ ನಿಲ್ತದೆ, ಮುಂದಿನವರ ಗದ್ದೆಗೆ ಹೋಗುವುದಿಲ್ಲ. ಈ ಮಳೆಗಾಲ ಹಲಗೆ ಹಾಗೆಯೇ ಇರ್ಲಿ ಬಾಯಮ್ಮ. ನಾವೇ ಎರಡು ಹಲಗೆ ಹೆಚ್ಚು ಕೊಡ್ತೇವೆ ಬೇಕಾದರೆ."

"ಹಲಗೆ ಇದ್ದರೆ ಜೂನಿನ ನೀರು ಎಲ್ಲಿಗೆ ಹೋಗ್ತದೆ?"

ಅವರು ಯೋಚಿಸಿದರು. "ಬದಿಯಿಂದ ಹೋಗ್ತದೆ."

"ಬದಿಯಲ್ಲಿ ನನ್ನ ಬಾವಿ ಉಂಟು."

ಅವರು ಚಹಾದ ಗ್ಲಾಸನ್ನು ತಿರುಗಿಸುತ್ತಾ ಕುಳಿತರು. ಪಂಚಾಯತಿನವರು ಬಂದು ನೋಡಲಿ ಎಂದರು. ಪಂಚಾಯತಿಗೂ ಹೋದೆ. ಬಂದು ನೋಡುತ್ತೇವೆ ಎಂದರು. ವಾರ್ಡಿನಲ್ಲಿ ರಕ್ತ ಸೋರುವವನಿಗೆ ನಾಳೆ ಬಂದು ನೋಡುತ್ತೇವೆ ಎಂದರೆ ಏನಾಗುತ್ತದೆ ಎಂದು ಅವರಿಗೆ ಹೇಳಲು ಹೊರಟೆ. ಹೇಳಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಹಾಗಾದರೆ ಹಲಗೆಯನ್ನಾದರೂ ನಾನೇ ತೆಗೆಯುತ್ತೇನೆ ಎಂದುಕೊಂಡೆ. ಕಬ್ಬಿಣದ ಕೊಕ್ಕೆ ಹಿಡಿದು ಕಾಲುಸಂಕಕ್ಕೆ ಹೋದೆ. ಮೇಲಿನ ಹಲಗೆಯ ನನ್ನ ತುದಿಯನ್ನು ಎತ್ತಿದೆ. ಆಚೆ ತುದಿ ಕಚ್ಚಿಕೊಂಡಿತು. ನನ್ನ ತುದಿಗೆ ಒಂದು ಕಲ್ಲು ಸಿಕ್ಕಿಸಿ ಆಚೆ ನಡೆದು ಆ ತುದಿಯನ್ನು ಎತ್ತಿದೆ. ಕಲ್ಲು ಜಾರಿ ಈಚೆಯದು ಕೆಳಗೆ ಬಿತ್ತು. ಮತ್ತೆ ಈಚೆ. ಮತ್ತೆ ಆಚೆ. ದೂರದಿಂದ ನೋಡಿದವರಿಗೆ ಒಬ್ಬಳು ಮುದುಕಿ ತನ್ನೊಂದಿಗೆ ತಾನೇ ಆಟ ಆಡುತ್ತಿದ್ದಾಳೆ ಎನಿಸುತ್ತಿತ್ತು. ನೋಡುವವರು ಯಾರೂ ಇರಲಿಲ್ಲ. ಬೈಲಿನಲ್ಲಿ ಈಗ ಇರುವುದು ಬಾಡಿಗೆಯವರು. ಬೆಳಿಗ್ಗೆ ಬಾಗಿಲು ಹಾಕಿ ಮಣಿಪಾಲಕ್ಕೆ ಹೋಗುತ್ತಾರೆ, ಕತ್ತಲಾದ ಮೇಲೆ ಬರುತ್ತಾರೆ. ಎದುರಾದರೆ ನಗುತ್ತಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ಅವರಿಗೂ ನನ್ನದು.

ಕಾಲುಸಂಕದ ಮೇಲೆಯೇ ಕುಳಿತು ಕಟಪಾಡಿಗೆ ಫೋನು ಮಾಡಿದೆ.

"ಎಂತ ಸಿಸ್ಟರೇ, ಚಹಾಕ್ಕೆ ಸಕ್ಕರೆ ಹಾಕಿದಿರಾ?"

"ಹಲಗೆ ಬರುವುದಿಲ್ಲ ಕಾಕ."

"ನಾಳೆ ಬರ್ತೇನೆ," ಎಂದರು.

ಮರುದಿನ ಎರಡು ಬಸ್ಸು ಬದಲಾಯಿಸಿ, ಕೋಲು ಊರಿಕೊಂಡು ಬಂದರು. ತಮ್ಮ ಹಳೆಯ ಜಾಗವನ್ನು ನೋಡುತ್ತಾ ಬಹಳ ಹೊತ್ತು ರಸ್ತೆಯಲ್ಲಿಯೇ ನಿಂತಿದ್ದರು. ನಾನು ಕರೆಯಲಿಲ್ಲ. ಇಳಿದು ಬಂದಾಗ ಕಾಲುಸಂಕದ ಮೇಲೆ ಬಗ್ಗಲು ಅವರಿಂದ ಆಗುವುದಿಲ್ಲ ಎಂಬುದು ಇಬ್ಬರಿಗೂ ಕೂಡಲೇ ಗೊತ್ತಾಯಿತು. ಅವರು ದಂಡೆಯ ಕಲ್ಲಿನ ಮೇಲೆ ಕುಳಿತು ಹೂಳನ್ನು ನೋಡಿದರು. ಕೋಲಿನ ತುದಿಯಿಂದ ಸ್ವಲ್ಪ ಎತ್ತಿ ಬೆರಳುಗಳ ನಡುವೆ ಉಜ್ಜಿದರು.

"ಇದು ನನ್ನ ತೆಂಗಿನ ಬುಡದ ಮಣ್ಣು," ಎಂದರು.

"ಗುಡ್ಡದ ಮಣ್ಣು."

"ಅದೇ. ತೋಟದ ಮೇಲೆ ಅಗಳು ಇತ್ತಲ್ವಾ? ಪ್ರತಿ ವರ್ಷ ಅದರಿಂದ ತೆಗೆದು ಬುಡಕ್ಕೆ ಹಾಕುತ್ತಿದ್ದದ್ದು ಇದೇ."

ಅಗಳು ಎಂದರೆ ನಮ್ಮಲ್ಲಿ ಜಾಗದ ಗಡಿಗೆ ತೆಗೆಯುವ ಆಳದ ಕಣಿ, ಕಂದಕದ ಹಾಗೆ. ಅದರ ಕೆಲಸ ದನ ನುಗ್ಗದಂತೆ ತಡೆಯುವುದು. ಎಲ್ಲರಿಗೂ ಗೊತ್ತಿರುವುದು ಅಷ್ಟೇ. ಕಾಕನ ಇಳಿಜಾರಿನ ಉದ್ದಕ್ಕೂ ಅವರ ಅಜ್ಜನ ಕಾಲದ ಒಂದು ಅಗಳು ಇತ್ತು. ಮಳೆಗಾಲಕ್ಕೆ ಮೊದಲು ಅದನ್ನು ಹದ ಮಾಡಿಸುವುದನ್ನು ನಾನು ಪ್ರತಿ ವರ್ಷ ನೋಡಿದ್ದೆ.

"ಈಗ ಎಲ್ಲಿ ಅದು?" ಎಂದು ಕೇಳಿದೆ.

ಅವರು ಕೋಲಿನ ತುದಿಯನ್ನು ಗುಡ್ಡದ ಕಡೆಗೆ ಎತ್ತಿದರು. "ನಾನೇ ಮುಚ್ಚಲಿಕ್ಕೆ ಹೇಳಿದ್ದು. ಮಿಷನ್ ಬಂದ ದಿನ ಸೈಟಿನವರು ಫೋನು ಮಾಡಿ ಕೇಳಿದರು, ಈ ಕಣಿ ಎಂತಕ್ಕೆ ಕಾಕ ಅಂತ. ದನಕ್ಕೆ ಅಂದೆ. ಈಗ ದನ ಯಾರಿಗೆ ಉಂಟು, ಮುಚ್ಚಿ ಅಂದೆ." ಬೆರಳಿನ ಕೆಂಪನ್ನು ಮುಂಡಿನ ಅಂಚಿಗೆ ಒರೆಸಿಕೊಂಡರು. "ವರ್ಷಾ ವರ್ಷಾ ಅಷ್ಟು ಮಣ್ಣು ಎಲ್ಲಿಂದ ಬರ್ತದೆ ಅಂತ ನಾನು ಒಮ್ಮೆಯೂ ಕೇಳಲಿಲ್ಲ ಸಿಸ್ಟರೇ. ಫ್ರೀ ಗೊಬ್ಬರ ಅಂತ ಎಣಿಸಿದೆ."

ಗುಡ್ಡದಿಂದ ಇಳಿಯುವ ಮಣ್ಣನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಆ ಅಗಳು ಎಂದು ನನಗೂ ಹೊಳೆದಿರಲಿಲ್ಲ. ಅಷ್ಟು ವರ್ಷ ನನ್ನ ಲೋಟದ ನೀರು ತಿಳಿಯಾಗಿ ಇದ್ದದ್ದು ಬಾವಿಯ ಗುಣ ಎಂದುಕೊಂಡಿದ್ದೆ.

ಕಾಕ ಎದ್ದು ಕೋಲು ಹಿಡಿದರು. ಬೇಡ ಎಂದರೂ ಕೇಳದೆ ಗುಡ್ಡ ಹತ್ತಿದರು. ಹಿಂದೆ ನಾನು. ಶೆಡ್ಡಿನೊಳಗೆ ಹೋಗಿ ಕುರ್ಚಿಯಲ್ಲಿ ಕೂರದೆಯೇ ಸೂಪರ್‌ವೈಸರಿಗೆ ಹೇಳಿದರು:

"ನಾನು ಅವತ್ತು ತಪ್ಪು ಹೇಳಿದೆ ಮಾರಾಯ್ರೆ. ಅಗಳು ದನಕ್ಕಲ್ಲ."

"ಮತ್ತೆ?"

"ಬನ್ನಿ, ತೋರಿಸ್ತೇನೆ."

ಸೂಪರ್‌ವೈಸರ್ ಬಂದರು. ಬೂಟು ಹಾಕಿಕೊಂಡೇ ಕಾಲುಸಂಕದ ಆಚೆ ತುದಿಯಲ್ಲಿ ನಿಂತರು. ನಾನು ಅವರ ಕೈಗೆ ಕೊಕ್ಕೆ ಕೊಟ್ಟೆ. ಕಾಕ ದಂಡೆಯ ಮೇಲೆ ಕುಳಿತು ನಿರ್ದೇಶನ ಕೊಡಲು ತೊಡಗಿದರು. "ನಿಮ್ಮ ತುದಿ ಮೇಲೆ ಉಂಟು. ಸಿಸ್ಟರನ್ನು ನೋಡಿ. ನೀರನ್ನು ನೋಡಬೇಡಿ. ಹಾಂ." ಮೊದಲ ಹಲಗೆ ಮೇಲೆ ಬಂತು. ಸಂದಿಯಿಂದ ಕೆಂಪು ನೀರು ಗಂಜಿಯ ಹಾಗೆ ದಪ್ಪಗೆ ಸುರಿದು ಕೆಳಗಿನ ತೋಡಿಗೆ ಬಿತ್ತು. ತೋಡಿನ ಕೆಳಗೆ ಇನ್ನೂ ಉಳುವ ಒಂದೆರಡು ಗದ್ದೆಗಳಿವೆ. ಅವುಗಳ ಆಚೆ ಹೊಳೆ.

"ನಿಲ್ಲಿಸಿ," ಎಂದೆ. "ಹಲಗೆಯನ್ನು ವಾಪಸ್ ಇಳಿಸುವ."

"ಎಂತ ಆಯ್ತು ಬಾಯಮ್ಮ? ತೆಗೆಯಬೇಕು ಅಂತ ನೀವೇ ಅಲ್ವಾ?"

"ಹೂಳು ತೆಗೆಯದೆ ಹಲಗೆ ತೆಗೆದರೆ ನನ್ನ ಬಾವಿ ಉಳಿಯುತ್ತದೆ, ಕೆಳಗಿನವರ ಗದ್ದೆ ಹೋಗುತ್ತದೆ. ಕೀವು ತೆಗೆಯದೆ ಬ್ಯಾಂಡೇಜು ಬಿಚ್ಚಿ ಪಕ್ಕದ ಹಾಸಿಗೆಯವನ ಮೇಲೆ ಹಾಕುವುದಿಲ್ಲ. ಮೊದಲು ಮಿಷನ್ ಇಳಿಸಿ. ನಿಮ್ಮ ಮಣ್ಣನ್ನು ನೀವು ಹೊತ್ತುಕೊಂಡು ಹೋಗಿ. ಅಗಳು ತೆಗೆಯಿರಿ. ಆಮೇಲೆ ಹಲಗೆ."

"ಅಗಳು ಬರುವ ಜಾಗದಲ್ಲಿ ಸೈಟ್ ಮಾರ್ಕ್ ಆಗಿ ಆಗಿದೆ."

"ಮಾರ್ಕ್ ಮಳೆಗೆ ಹೋಗ್ತದೆ," ಎಂದರು ಕಾಕ. "ಮಾರ್ಕ್ ಮಾತ್ರ ಹೋದರೆ ಲಾಭ. ಮಾರ್ಕ್ ಹಾಕಿದ ಜಾಗವೇ ಇಳಿದು ಇಲ್ಲಿಗೆ ಬರ್ತಾ ಉಂಟು, ನೋಡಿ. ನೀವು ಮಾರುವಾಗ ಗಿರಾಕಿಗೆ ಸೈಟು ಎಲ್ಲಿ ತೋರಿಸ್ತೀರಿ, ಮೇಲೆಯಾ, ತೋಡಿನಲ್ಲಿಯಾ?"

ಸೂಪರ್‌ವೈಸರ್ ತಮ್ಮ ಬೂಟಿನ ಸುತ್ತ ಏರಿದ್ದ ಕೆಂಪನ್ನು ನೋಡಿದರು. ಗುಡ್ಡವನ್ನು ನೋಡಿದರು. ಫೋನು ತೆಗೆದು ಸ್ವಲ್ಪ ದೂರ ಹೋಗಿ ಯಾರೊಂದಿಗೋ ಮಾತಾಡಿದರು. ಬಂದು, "ನಾಳೆ ಮಿಷನ್ ಇಳಿಸ್ತೇನೆ," ಎಂದರು. ಹಲಗೆಯನ್ನು ಮತ್ತೆ ಇಳಿಸಿದೆವು.

ಮಾತು ಉಳಿಸಿಕೊಂಡರು, ಪೂರ್ತಿ ಅಲ್ಲದಿದ್ದರೂ. ಹೂಳನ್ನು ಬಾಚಿ ಲಾರಿಯಲ್ಲಿ ಮೇಲಕ್ಕೆ ಒಯ್ದರು. ಅಗಳನ್ನು ಹಳೆಯದರಷ್ಟು ಆಳಕ್ಕೆ ಅಲ್ಲದಿದ್ದರೂ ಅಷ್ಟೇ ಉದ್ದಕ್ಕೆ ತೆಗೆದರು. ನಾನು ಹೋಗಿ ನಿಂತು ನೋಡಿದೆ. ಬೇರು ಮಣ್ಣನ್ನು ಹಿಡಿಯಲಿ ಎಂದು ಅದರ ಕೆಳಬದಿಯಲ್ಲಿ ಲಾವಂಚದ ಬುಡಗಳನ್ನು ನಾನೇ ನೆಟ್ಟೆ. ಹಲಗೆ ತೆಗೆಯುವ ದಿನ ಸೂಪರ್‌ವೈಸರ್ ಮತ್ತೆ ಬಂದು ಆಚೆ ತುದಿ ಹಿಡಿದರು. ಕಾಕ ಇರಲಿಲ್ಲ. ಹಾಂ ಎಂದು ನಾನೇ ಹೇಳಿದೆ. ಕೊನೆಯ ಹಲಗೆ ತೊಳೆದು ನನ್ನ ಮನೆಯ ಶೆಡ್ಡಿನಲ್ಲಿ ಒರಗಿಸಿದ ಮೇಲೆ ಕೆಲವೇ ದಿನಗಳಲ್ಲಿ ಮಳೆ ಹಿಡಿಯಿತು.

ಮಳೆಗಾಲ ಪೂರ್ತಿ ತೋಡು ಕಿಂಡಿಗಳಲ್ಲಿ ಸಲೀಸಾಗಿ ಹರಿಯಿತು. ಮೊದಮೊದಲು ಕೆಂಪಾಗಿ, ಆಮೇಲೆ ತಿಳಿಗೆಂಪಾಗಿ. ಅಗಳು ಒಮ್ಮೆ ತುಂಬಿತು. ನಾನು ಹತ್ತಿ ಹೋಗಿ ಹೇಳಿದ ಮೇಲೆ ಬಾಚಿಸಿದರು. ದಂಡೆ ನಿಂತಿತು. ಬಾವಿ ಉಳಿಯಿತು. ಆಗಸ್ಟಿನ ಒಂದು ಬೆಳಿಗ್ಗೆ ಲೋಟದ ತಳದಲ್ಲಿ ಉಂಗುರ ಇರಲಿಲ್ಲ. ಅಷ್ಟು ದಿನ ಕಾಯಿಸಿ ಸೋಸಿದ ನೀರು ಕುಡಿದವಳು ಅಂದು ಹಾಗೆಯೇ ಕುಡಿದೆ. ಯಾರಿಗಾದರೂ ಹೇಳಬೇಕೆನಿಸಿತು. ಕಟಪಾಡಿಗೆ ಫೋನು ಮಾಡಿದೆ; ಮಗಳು ಎತ್ತಿ, ಅಪ್ಪ ಮಲಗಿದ್ದಾರೆ ಸಿಸ್ಟರ್, ಎಂದಳು. ಆ ಹೊತ್ತಿಗೆ ಅವರು ಮಲಗುವವರಲ್ಲ.

ಮಳೆ ನಿಂತಿತು. ಮತ್ತೆ ಹಲಗೆ ಇಳಿಸುವ ಕಾಲ. ಸೂಪರ್‌ವೈಸರಿಗೆ ಕಾಪುವಿನ ಹತ್ತಿರ ಬೇರೆ ಸೈಟು ಸಿಕ್ಕಿ ಹೋಗಿಯಾಗಿತ್ತು. ಹೊಸಬರನ್ನು ಹೋಗಿ ಮಾತಾಡಿಸಿದೆ. ಅಗಳನ್ನು ಅವರಿಗೂ ತೋರಿಸಿದೆ, ಯಾಕೆ ಮುಚ್ಚಬಾರದು ಎಂದೂ ಹೇಳಿದೆ. ಹಲಗೆ ಹಿಡಿಯಲು ಬನ್ನಿ ಎಂದು ಹೇಳಲಿಲ್ಲ. ವರ್ಷಕ್ಕೆ ಎರಡು ಸಲ ಹೊಸಬರನ್ನು ಬೇಡುವುದು ಒಂದು ಕ್ರಮವಲ್ಲ.

ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಮಗುವನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ ತೂಕ ನೋಡುತ್ತಿದ್ದೆವು. ಎರಡು ಬದಿಯ ಹಗ್ಗ ಮೇಲೆ ಒಂದೇ ಕೊಕ್ಕೆಯಲ್ಲಿ ಸೇರುತ್ತಿತ್ತು. ಜೋಲಿ ಎಂದೂ ವಾಲುತ್ತಿರಲಿಲ್ಲ. ಹಿರಿಯಡ್ಕದ ಬಡಗಿಗೆ ಹೇಳಿ ಪ್ರತಿ ಹಲಗೆಯ ಎರಡು ತುದಿಗಳಿಗೂ ಕಬ್ಬಿಣದ ಬಳೆ ಹಾಕಿಸಿದೆ. ಎರಡರಿಂದಲೂ ಹಗ್ಗ ಎಳೆದು ನಡುವೆ ಗಂಟು. ಬಾವಿಗೆ ಪಂಪು ಬಂದ ಮೇಲೆ ಸುಮ್ಮನೆ ತೂಗುತ್ತಿದ್ದ ಹಳೆಯ ರಾಟೆಯನ್ನು ಬಿಚ್ಚಿ, ಕಾಲುಸಂಕದ ಮೇಲೆ ಕಿಂಡಿಯಿಂದ ಕಿಂಡಿಗೆ ಸರಿಸುವ ಪೈಪಿನ ಚೌಕಟ್ಟು ನಿಲ್ಲಿಸಿ, ಅದಕ್ಕೆ ಕಟ್ಟಿಸಿದೆ. ಹಗ್ಗ ಬಿಟ್ಟರೆ ಹಲಗೆ ಮಟ್ಟವಾಗಿ ಇಳಿಯುತ್ತದೆ, ಎಳೆದರೆ ಮಟ್ಟವಾಗಿ ಏರುತ್ತದೆ. ಒಬ್ಬರು ಸಾಕು.

ಕಾಕನಿಗೆ ಫೋನಿನಲ್ಲಿ ಹೇಳಿದೆ. ಈ ಸಲ ಅವರೇ ಎತ್ತಿದರು. ದನಿ ಸ್ವಲ್ಪ ಸಣ್ಣದಾಗಿತ್ತು. ಬಳೆ ಎಲ್ಲಿ, ಗಂಟು ಎಂಥದು, ಎಲ್ಲವನ್ನೂ ವಿವರವಾಗಿ ಕೇಳಿದರು. ಕೇಳಿ ಮುಗಿದ ಮೇಲೆ, "ಹಾಗಾದರೆ ನನಗೆ ರಿಟೈರ್ಮೆಂಟ್ ಕೊಟ್ಟಿರಿ," ಎಂದರು.

"ನೀವೇ ತಗೊಂಡದ್ದು."

"ಹಲಗೆ ವಕ್ರ ಉಂಟಾ ಈಗ?"

"ಇಲ್ಲ. ಒಳ್ಳೆಯ ಹಲಗೆಗಳು ಕಾಕ."

"ಈಗ ಹೇಳ್ತೀರಿ," ಎಂದರು.

ಈ ಬೆಳಿಗ್ಗೆ ಮೊದಲ ಕಿಂಡಿಗೆ ಹಲಗೆ ಇಳಿಸಿದೆ. ಹಾಸಿಗೆ, ನೀರು, ಗಂಜಿ ಮುಗಿಸಿ, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೋದೆ. ಕಾಲುಸಂಕ ಹತ್ತಿ ನನ್ನ ತುದಿಯಲ್ಲಿ, ಎಂದಿನ ಕಂಬದ ಬಳಿ ನಿಂತು, ಬಗ್ಗಿ ಕೈ ಚಾಚಿದೆ. ಹಗ್ಗ ಅಲ್ಲಿಗೆ ಸಿಗಲಿಲ್ಲ. ನಡುವಿನಲ್ಲಿ ನಿಲ್ಲಬೇಕು. ಅದು ಇನ್ನೂ ಅಭ್ಯಾಸವಾಗಿಲ್ಲ.